ನೋಡೋಣ

ಅರಸೀಕೆರೆ ಕೋರ್ಟಿನ ಬೆರಳಚ್ಚುಗಾರ್ತಿ ನಾನು.
ಹನ್ನೊಂದು ವರ್ಷಕ್ಕೆ ನಾಲ್ವರು ಸಾಹೇಬರು,
ಒಂದೇ ಕುರ್ಚಿ. ಅದರ ಎಡಗೈ ಸಡಿಲ.

ಮೈಲಾರಿ ಕೊಬ್ಬರಿ ಮಂಡಿಯ ಹಮಾಲಿ.
ಕದ್ದದ್ದು ಮುಕ್ಕಾಲು ಚೀಲ. ಒಪ್ಪಿಕೊಂಡ.
ಆಗಿದ್ದ ಸಾಹೇಬರು ಕನ್ನಡಕ ತೆಗೆದು
ಅವನ ಮುಖ ನೋಡಿದರು:
"ಮೊದಲ ತಪ್ಪು. ಹಾಸನದಿಂದ ಪರಿವೀಕ್ಷಣಾಧಿಕಾರಿ ಬರ್ತಾರೆ.
ವರದಿ ಚೆನ್ನಾಗಿದ್ದರೆ ಜೈಲು ಯಾಕೆ? ನೋಡೋಣ."

ನೋಡೋಣ.
ಹೆಣ್ಣು ನೋಡಿ ಹೊರಟವರು ಗೇಟಿನಲ್ಲಿ ಅಂದರೆ, ಇಲ್ಲ.
ಸೊಸೈಟಿ ಕಾರ್ಯದರ್ಶಿ ಅಂದರೆ, ಮುಂದಿನ ವರ್ಷ.
ನಮ್ಮಮ್ಮ ಅಂದರೆ ಹಬ್ಬಕ್ಕೆ ಹೊಸ ಲಂಗ ಬಂತೆಂದೇ ಅರ್ಥ.
ಆ ಎತ್ತರದ ಕುರ್ಚಿಯಿಂದ ಇಳಿದು ಬಂದದ್ದನ್ನು
ಮೈಲಾರಿ ಎರಡೂ ಕೈಯಲ್ಲಿ ಹಿಡಿದುಕೊಂಡ,
ತೂಕ ಬರೆದು ಸಹಿ ಹಾಕಿದ ಚೀಟಿಯ ಹಾಗೆ.

ನಾನು ಹಾಳೆಯ ಮೇಲೆ ಕುಟ್ಟಿದ್ದು ಇಷ್ಟೇ:
ವರದಿಗಾಗಿ ಮುಂದೂಡಲಾಗಿದೆ.

ಏಳು ವಾರ.
ಹೆಂಡತಿಯ ಓಲೆ ಅಡವಿಟ್ಟು ಚೀಲದ ದುಡ್ಡು ಮರಳಿಸಿದ.
ಅಧಿಕಾರಿ ಬಂದು, ಪಕ್ಕದ ಮನೆಯವರನ್ನೂ
ಟೀ ಅಂಗಡಿಯ ಜುಬೇದಮ್ಮನನ್ನೂ ವಿಚಾರಿಸಿ
ಎರಡು ಪುಟ ಬರೆದರು. ಒಳ್ಳೆಯ ಎರಡು ಪುಟ.
ಅಷ್ಟರಲ್ಲಿ ಸಾಹೇಬರಿಗೆ ವರ್ಗ.

ಹೊಸಬರು ಕೆಟ್ಟವರಲ್ಲ. ಫೈಲು ಪೂರ್ತಿ ಓದುತ್ತಾರೆ,
ಫೈಲಿನಲ್ಲಿ ಇದ್ದದ್ದನ್ನು ಮಾತ್ರ ಓದುತ್ತಾರೆ.
ಮಂಡಿಯಲ್ಲಿ ಕಳವು ಹೆಚ್ಚಾಗಿದೆ ಅಂದರು. ಮೂರು ತಿಂಗಳು.
ಕಾನೂನಿನ ಅಳತೆಯೊಳಗೇ ಇತ್ತು. ನಾನೇ ಕುಟ್ಟಿದೆ,
ಒಂದಕ್ಷರ ತಪ್ಪಲಿಲ್ಲ.

ಮಂಡಿಯಲ್ಲಿ ಕೂಗಿದ ದರ ಆಮೇಲೆ ಇಳಿಸಲಿ,
ರೈತರು ಗೇಟಿಗೆ ಬೀಗ ಜಡಿಯುತ್ತಾರೆ.
ಇಲ್ಲಿ ಮುಂದಿನ ಕೇಸು ಕೂಗಿದರು.

ಪೊಲೀಸಿನವನು ತೋಳು ಹಿಡಿದಾಗ ಮೈಲಾರಿ
ನನ್ನ ಮೇಜಿನ ಹತ್ತಿರ ನಿಂತ. ಅಳಲಿಲ್ಲ.
"ಅಕ್ಕಾ, ಮೂರು ತಿಂಗಳು ಹೋಗ್ತವೆ ಬಿಡಿ, ಕದ್ದಿದೀನಿ.
ಏಳು ವಾರ ಬಿಡುಗಡೆ ಆದೋನ ಹಾಗೆ ನಿದ್ದೆ ಮಾಡಿದೆನಲ್ಲ,
ಮಗಳಿಗೂ ಹಾಗೇ ಹೇಳಿದ್ದೆನಲ್ಲ,
ಅದನ್ನ ಯಾವ ಲೆಕ್ಕಕ್ಕೆ ಬರ್ಕೊಂತೀರಿ?"

ಹಾಸನಕ್ಕೆ ಅಪೀಲು ಹೋಗಬೇಕಂತೆ. ವಕೀಲರು ಬಂದು ಕೇಳಿದರು,
ಆವತ್ತಿನ ಮಾತು ಹಾಳೆಯಲ್ಲಿದೆಯಾ?
ಇಲ್ಲ ಅಂದೆ.
ಬೇರೆ ಎಲ್ಲಾದರೂ?
ನೋಡೋಣ ಅಂದೆ.
ಯಾವ ನೋಡೋಣ ಎಂದು ಅವರು ಕೇಳಲಿಲ್ಲ.

ಊಟದ ಹೊತ್ತಿಗೆ ಡ್ರಾಯರು ಎಳೆದೆ.
ಶೀಘ್ರಲಿಪಿಯ ಹಳೆಯ ಪುಸ್ತಕ,
ಪುಟದ ಕೊನೆಗೆ, ಪೆನ್ಸಿಲು ಮೊಂಡಾದ ಕಡೆ
ಎರಡು ಗೀಟು, ಒಂದು ಕೊಕ್ಕೆ.
ಓದಬಲ್ಲವಳು
ಕೋರ್ಟಿಗೆಲ್ಲ ನಾನೊಬ್ಬಳೇ.