ತೇಲುವ ಕ್ರೇನಿನ ಕುಲ

ಸೋಹಾರ್ ಬಂದರಿಗೆ ಸೋಮವಾರ ಬಂತು
ಹಡಗೂ ಹೌದಾದ, ಕ್ರೇನೂ ಹೌದಾದ ಒಂದು ದೈತ್ಯ,
ಕಬ್ಬಿಣದ ದೋಣಿಯ ಮೇಲೆ ನಿಂತ ಕಬ್ಬಿಣದ ಕೊಕ್ಕರೆ.
ಬಾಡಿಗೆಯ ಲೆಕ್ಕ ಹಾಕುವ ಪ್ರೋಗ್ರಾಂ ನನ್ನದು.
ಹಡಗಾದರೆ ಕಟ್ಟೆಗೆ ದಿನಕ್ಕಿಷ್ಟು,
ಕ್ರೇನಾದರೆ ಎತ್ತಿದ ಗಂಟೆಗಿಷ್ಟು ರಿಯಾಲು.
ಇದಕ್ಕೆ?

ನಾನು ಬರೆಯುವ ಭಾಷೆ ಹಟಮಾರಿ,
ಒಂದು ಕ್ಲಾಸಿಗೆ ಹೆತ್ತವರು ಒಬ್ಬರೇ ಎನ್ನುತ್ತದೆ.
ಎರಡನೆಯ ಹೆಸರು ಸೇರಿಸಿದೆ.
ಕೆಂಪು ಗೆರೆ ಎಳೆದು ಹಲ್ಲು ಕಿರಿಯಿತು.

ಮೊದಲು ಬೈದೆ. ಆಮೇಲೆ ಕಂಡಿತು,
ತಪ್ಪೆಲ್ಲ ಅದರದಲ್ಲ.
‘ನಿಲ್ಲು’ ಎಂದರೆ ಹಡಗು ಲಂಗರು ಬಿಡುತ್ತದೆ,
‘ನಿಲ್ಲು’ ಎಂದರೆ ಕ್ರೇನು ಬ್ರೇಕು ಹಿಡಿಯುತ್ತದೆ.
ಎರಡೂ ಮನೆಯ ಪಾಠ ಕಲಿತ ಕೂಸು
ನಲವತ್ತು ಟನ್ನಿನ ಪೆಟ್ಟಿಗೆ ಗಾಳಿಯಲ್ಲಿ ತೂಗುವಾಗ
ಯಾರ ಮಾತು ಕೇಳಬೇಕು?
ಭಾಷೆಗೆ ಮನೆಜಗಳದ ಹೆದರಿಕೆ. ಅಷ್ಟೇ.

ಕಿಟಕಿಯ ಗಾಜು ಹೊರಮೈಯಲ್ಲಿ ಬೆವರುತ್ತಿತ್ತು.
ಪಕ್ಕದ ಮೇಜಿನ ನಸ್ಸೋರ್
ಅಮ್ಮನ ಜೊತೆ ಫೋನಿನಲ್ಲಿ ಸ್ವಾಹಿಲಿ ಆಡುತ್ತಿದ್ದ.
ಅವನ ಕಾರ್ಡಿನಲ್ಲಿ ಬಿನ್, ಮತ್ತೆ ಬಿನ್,
ಅಪ್ಪ, ಅಜ್ಜ, ಒಂದೇ ಸಾಲಿಗೆ ನೆಟ್ಟ ಖರ್ಜೂರದ ಹಾಗೆ.
ಜಾಂಜಿಬಾರಿನ ಅಮ್ಮ ಎಲ್ಲೂ ಇಲ್ಲ.
ಕೇಳಿದೆ. “ಬರೆಯಲು ಜಾಗವಿಲ್ಲ,” ಎಂದ,
“ಒಳಗಿದ್ದಾಳೆ. ಲೆಕ್ಕ ಅರಬ್ಬಿಯಲ್ಲಿ ನಾನೇ ಮಾಡುತ್ತೇನೆ,
ಬೈಯುವ ಕೆಲಸ ಬಂದರೆ ಅವಳಿಗೆ ದಾಟಿಸುತ್ತೇನೆ.”

ನನ್ನದು ತಿರುಗುಮುರುಗು.
ಉಚ್ಚಿಲದಲ್ಲಿ ನಮಗೆ ಬರಿ ಬರುವುದು ತಾಯಿಯಿಂದ,
ಯಜಮಾನಿಕೆ ಸೋದರಮಾವನದು,
ಅಪ್ಪ ಉಂಡು ಹೋಗುವ ನೆಂಟ.
ಇಲ್ಲಿಯ ಅರ್ಜಿಗಳು ಅಪ್ಪನನ್ನೇ ಕೇಳುತ್ತವೆ,
ಕೆಳಗೆ ಒಬ್ಬನೇ ಒಬ್ಬ ಕಫೀಲ.
ಬಲೆ ಹೆಣೆಯಲು ನನಗೆ ಕಲಿಸಿದ್ದು ಆ ನೆಂಟನೇ.
ಬರಿಯಲ್ಲಿ ಅದು ನಮೂದಾಗಲಿಲ್ಲ,
ಬೆರಳಲ್ಲಿ ಇದೆ.

ಮಧ್ಯಾಹ್ನ ಎರಡಕ್ಕೆ ಬರೆದೆ:
ತೇಲುವ ಕ್ರೇನು ಹಡಗಿನ ಮಗಳು.
ಹೊಟ್ಟೆಯೊಳಗೆ ಒಂದು ಕ್ರೇನು ಇಟ್ಟುಕೊಂಡಿದ್ದಾಳೆ,
ಹೆತ್ತದ್ದಲ್ಲ, ಹೊತ್ತದ್ದು.
‘ಎತ್ತು’ ಎಂದು ಯಾರಾದರೂ ಕೂಗಿದರೆ
ತಾನು ಎತ್ತುವುದಿಲ್ಲ, ಒಳಗಿನದಕ್ಕೆ ಹೇಳುತ್ತಾಳೆ.
ಹಣೆಯ ಮೇಲೊಂದು ಕರಾರು ಅಂಟಿಸಿದೆ,
‘ಎತ್ತಬಲ್ಲವರು’ ಎಂಬ ಇಂಟರ್‌ಫೇಸು.
ಅದರಲ್ಲಿ ರಕ್ತವಿಲ್ಲ, ಆಸ್ತಿಯಿಲ್ಲ,
ಹೇಗೆ ಎತ್ತುವುದೆಂಬ ಗುಟ್ಟೂ ಇಲ್ಲ,
ಎತ್ತುತ್ತೇನೆ ಎಂದು ಕೊಟ್ಟ ಮಾತು ಮಾತ್ರ.
ಬಿಲ್ಲಿಗೆ ಅಷ್ಟು ಸಾಕಾಯಿತು. ಕುಲ ಕೇಳಲಿಲ್ಲ.

‘ನಿಲ್ಲು’ ಮಾತ್ರ ಯಾರಿಂದಲೂ ತರಲಿಲ್ಲ,
ಕೈಯಾರೆ ಬರೆದೆ:
ಮೊದಲು ಬ್ರೇಕು. ಪೆಟ್ಟಿಗೆ ನೆಲ ಮುಟ್ಟಿದ ಮೇಲೆ ಲಂಗರು.

ಹದಿನೇಳು ಸಾಲು ಹೆಚ್ಚಾಯಿತು.
ಒಂದೇ ಅಲ್ಪವಿರಾಮ, ಎರಡನೆಯ ಹೆಸರು,
ಅಷ್ಟಕ್ಕೆ ಮುಗಿಯಬೇಕಿದ್ದ ಕೆಲಸ.

ಸಂಜೆ ದೈತ್ಯದ ಮಾಲೀಕ ಫೋನಿನಲ್ಲಿ ಗದರಿದ:
“ಒಂದು ಯಂತ್ರಕ್ಕೆ ಎರಡು ಬಾಡಿಗೆಯೇ?
ಹಡಗೋ ಕ್ರೇನೋ, ಒಂದು ಹೇಳಮ್ಮ!”
ನಾನು ಉತ್ತರಿಸಲಿಲ್ಲ,
ಫೋನನ್ನು ನಸ್ಸೋರನಿಗೆ ದಾಟಿಸಿದೆ.
ಅವನು ಗಂಟಲು ಸರಿಮಾಡಿಕೊಂಡು
ಅಮ್ಮನಿಗೆ ದಾಟಿಸಿದ.