ಕಾಜದ ಕಲ್ಯಾಣಿ ಹೇಳಿದ್ದು

ಉಪ್ಪಳ ಪೇಟೆಯಲ್ಲಿ, ಐಸ್ ಪ್ಲಾಂಟಿನ ಹಿಂದೆ,
ಒಂದು ಕೋಣೆ ಉಂಟು. ಬೀಗದ ಕೈ ನನ್ನ ಸೆರಗಿನಲ್ಲಿ.
ಬೋರ್ಡಿನ ಮೇಲೆ ಮಲಯಾಳದಲ್ಲಿ ಕುಡುಕ್ಕು,
ಕೆಳಗೆ, ಸ್ವಲ್ಪ ಸಣ್ಣದಾಗಿ, ಕನ್ನಡದಲ್ಲಿ ಗುಂಡಿ.
ಅದರಲ್ಲಿ ಸಿಕ್ಕಿಕೊಳ್ಳುವುದು, ಇದರಲ್ಲಿ ಬೀಳುವುದು
ಎಂದು ನಗುತ್ತಾನೆ ಮೀನಿನ ಲಾರಿಯ ಹಮೀದ.
ಚೀನಾದವರು ಏನನ್ನುತ್ತಾರೋ,
ಅಂದುಂಞಿಚ್ಚ ಬರೆದಿಡಲಿಲ್ಲ.

ಹಡಗಿನಲ್ಲಿ ಟೈಲರು ಆತ. ಕಪ್ತಾನನ ಬಿಳಿ ಕೋಟು,
ಅಡುಗೆಯವನ ಹರಿದ ಚಡ್ಡಿ, ಎರಡಕ್ಕೂ ಒಂದೇ ಸೂಜಿ.
ಪಿನಾಂಗಿನ ಸಂದಿಯಲ್ಲಿ, ಹಾಂಗ್‌ಕಾಂಗಿನ ಹಳೆಬಟ್ಟೆಯ ರಾಶಿಯಲ್ಲಿ
ಆರಿಸಿ ಬಿಚ್ಚಿ ತಂದದ್ದು, ಇನ್ನೂರ ಹನ್ನೊಂದು.
ಬಿಸ್ಕತ್ತಿನ ಡಬ್ಬಿಯಲ್ಲಿ ಬಂದವಂತೆ.
ಚಿನ್ನವೆಂದು ತೆರೆದ ಮನೆಯವರು
ಡಬ್ಬಿಯನ್ನು ಮಾತ್ರ ಇಟ್ಟುಕೊಂಡರಂತೆ.
ಮಗಳು ನೆಬೀಸ ಹೆಕ್ಕಿ, ತೊಳೆದು, ಗಾಜು ಹಾಕಿಸಿದಳು.

ಇದು ಮದುಮಗಳದ್ದು, ಕೆಂಪು ರೇಷ್ಮೆ, ಚಿಟ್ಟೆಯ ಹಾಗೆ.
ಇದು ಗಾಡಿ ಎಳೆಯುವವನದ್ದು; ನೀಲಿ ಹೋಗಿದೆ,
ಬೆವರು ಇನ್ನೂ ಹೋಗಿಲ್ಲ.

ನಲವತ್ತೊಂದು ವರ್ಷ ಕಾಜ ಮಾಡಿದವಳು ನಾನು.
ಒಂದಕ್ಕೆ ಮೂರು ಪೈಸೆಯಿಂದ ಶುರು.
ಮೊದಲು ಬ್ಲೇಡು, ಆಮೇಲೆ ದಾರ:
ಗಾಯ ಮಾಡಿ ಗಾಯ ಹೊಲಿಯುವ ಕಸುಬು.
ಇಲ್ಲಿಗೆ ಬಂದ ದಿನ ಕನ್ನಡಕ ಹಾಕಿ ಹುಡುಕಿದೆ,
ಕಾಜ ಎಲ್ಲಿ ಮಾರಾಯ್ತಿ?
ಇಲ್ಲವೇ ಇಲ್ಲ.
ಈ ಬದಿಗೆ ಬಟ್ಟೆಯದೇ ಗಂಟು, ಆ ಬದಿಗೆ ಬಟ್ಟೆಯದೇ ಕುಣಿಕೆ.
ಬ್ಲೇಡು ತಾಗಿಯೇ ಇಲ್ಲ ಎರಡೂ ಬದಿಗೆ.
ಆ ದೇಶದಲ್ಲಿ ಹುಟ್ಟಿದ್ದರೆ ನನ್ನ ಹೊಟ್ಟೆಗೇನು ಗತಿ
ಎಂದು ನಗು ಬಂತು. ರಾತ್ರಿ ನಿದ್ದೆ ಬರಲಿಲ್ಲ.

ಮೊನ್ನೆ ಶಾಲೆಯ ಮಕ್ಕಳ ಸಾಲಿನಲ್ಲಿ ಒಬ್ಬಳು,
ಎದೆಯ ಹತ್ತಿರ ಗುಂಡಿಯಿಲ್ಲ, ತುಕ್ಕು ಹಿಡಿದ ಪಿನ್ನು.
ಹೆಸರು ಕೇಳಿದರೆ ಪಿನ್ನಿನ ಮೇಲೆ ಕೈಯಿಟ್ಟಳು.
ನನ್ನ ಹಳೆಯ ಲಂಗದ ಅಂಚು ಹರಿದು, ಹೊಸೆದು,
ಗಾಜಿನೊಳಗೆ ನೋಡಿ ನೋಡಿ ಸುತ್ತಿದೆ.
ಒಂಬತ್ತು ಸಲ ಬಿಚ್ಚಿ ಹೋಯಿತು.
ಹತ್ತನೆಯದು ನಿಂತಿತು, ಕಡಲೆಕಾಳಿನಷ್ಟು.

ಸೋಮವಾರ ಅವಳೊಬ್ಬಳೇ ಬಂದಳು.
ಯೂನಿಫಾರ್ಮಿಗೆ ಇದು ಹೊಂದುವುದಿಲ್ಲ ಅಂದರಂತೆ ಟೀಚರು.
ನೋಟ್‌ಬುಕ್ಕಿನ ಹಾಳೆಯಲ್ಲಿ ಮಡಚಿ ತಂದಿದ್ದಳು,
ಗಂಟು, ಕುಣಿಕೆ, ಒಂದರೊಳಗೆ ಒಂದು ಹಾಕಿಯೇ.

ಈಗ ಅದು ಇನ್ನೂರ ಹನ್ನೆರಡು.
ಕಿಟಕಿಯ ಬದಿಯ ಗಾಜಿನಲ್ಲಿ ಉಂಟು.
ಚೀನಾದ್ದಲ್ಲ ಎಂದು ಚೀಟಿ ಬರೆಯಬೇಕು.
ಇನ್ನೂ ಬರೆದಿಲ್ಲ.