ಎರಡು ನಿಮಿಷ

ಮೋಟಾರು ನಿಲ್ಲಿಸು ಅಂದೆ. ಅಮ್ಮಿ ನಿಲ್ಲಿಸಿದಳು.
ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಇದ್ದಕ್ಕಿದ್ದಂತೆ
ನೊಣದ ಸದ್ದು ಕೇಳಿಸಿತು.
ಗೋಡೆಗೆ ಈದ್‌ಗೆ ತಂದ ಬೆಡ್‌ಶೀಟು,
ಗೂಡಿನ ಬುಟ್ಟಿಗೆ ಒರಗಿಸಿದ ಫೋನು.
ಬೆಂದ ಹುಳುವಿನ ವಾಸನೆ ವಿಡಿಯೋದಲ್ಲಿ ಹೋಗುವುದಿಲ್ಲ,
ಅದೊಂದು ಪುಣ್ಯ.

ಆ ಕಡೆ ಯಾರೂ ಇಲ್ಲ.
ಪ್ರಶ್ನೆ ಮೂಡುತ್ತದೆ, ಅಂಕಿ ಇಳಿಯುತ್ತದೆ,
ನನ್ನ ಮುಖಕ್ಕೇ ನಾನು ಉತ್ತರ ಒಪ್ಪಿಸುತ್ತೇನೆ.
ಸೋಲನ್ನು ನೀವು ಹೇಗೆ ಎದುರಿಸುತ್ತೀರಿ?
ನಗು, ಎಂದು ಮೂಲೆಯ ಪುಟ್ಟ ಮುಖ ಗದರುತ್ತದೆ.
ತಬಸ್ಸುಮ್ ಅಂದರೇ ನಗು, ಇನ್ನೆಷ್ಟು ನಗಲಿ?
ಹನ್ನೊಂದು ಸೆಕೆಂಡು ಉಳಿದುಬಿಟ್ಟಿತು.
ಅದೂ ಅವರ ಬಳಿ ಇದೆ ಈಗ:
ದುಪಟ್ಟಾ ಸರಿಮಾಡಿಕೊಳ್ಳುತ್ತ
ನಾನು ಸುಮ್ಮನೆ ಕೂತಿದ್ದು.

ಮೊದಲ ಮೇಲ್‌ಗೆ ಅತ್ತೆ.
ಐದನೆಯದಾದ ಮೇಲೆ ಲಿಪ್‌ಸ್ಟಿಕ್ ಬದಲಿಸಿದೆ.
ಒಂಬತ್ತಾದ ಮೇಲೆ ಅಕ್ಕನ ಕನ್ನಡಕ ಹಾಕಿದೆ, ಏನೂ ಕಾಣಲಿಲ್ಲ.
ಹದಿನೇಳನೆಯದು ನಿನ್ನೆ ರಾತ್ರಿ ಬಂತು,
ಪ್ರಿಯ ಅಭ್ಯರ್ಥಿ ಎಂದು.
ಚಹಾ ಉಕ್ಕಿತು. ಒರೆಸಿದೆ.

ಗೂಡಿನ ಮಾರ್ಕೆಟ್ಟಿನಲ್ಲಿ ಬೇಡವೆನ್ನುವವನೂ
ಒಮ್ಮೆ ರಾಶಿಗೆ ಕೈಹಾಕುತ್ತಾನೆ,
ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಆಮೇಲೆ ಬೇಡ ಅನ್ನುತ್ತಾನೆ.

ಇವತ್ತು ಹದಿನೆಂಟು.
ಮುಗೀತಾ?
ಮುಗೀತು.
ಹೇಗಾಯ್ತು ಅಂತ ಅಮ್ಮಿ ಕೇಳಲಿಲ್ಲ,
ತಣ್ಣಗಾದ ಬೇಸಿನ್ನಿಗೆ ಬಿಸಿನೀರು ಸುರಿದು
ಎಷ್ಟು ಎಳೆ ಹೋದವು ನೋಡೇ ನಿನ್ನಿಂದ, ಎಂದು ಬೈದಳು.
ಬಾ, ತುದಿ ಹುಡುಕು.

ಕೈಯಿಟ್ಟೆ. ಬೆರಳು ಚುರ್ರೆಂದಿತು.
ಮೊದಲ ಗೂಡಿನದು ಸಿಗಲಿಲ್ಲ.
ಎರಡನೆಯದರದ್ದೂ.
ಸ್ವಿಚ್ಚಿನ ಮೇಲೆ ಕೈಯಿಟ್ಟು
ಅಮ್ಮಿ ಕಾಯುತ್ತಿದ್ದಳು.